ಮಾಡು ಎಲ್ಲಿವರೆಗೆ

ಬೇಳದ ಫ್ಲೇವಿಯಾ ಕ್ರಾಸ್ತಾಳಿಗೆ ಎರಡು ವಾರ ನಾನು
ಕಣ್ಣಾಗಿದ್ದೆ, ಕೈಯಾಗಿದ್ದೆ. ನಾಲಗೆ ಮಾತ್ರ ಸಾಲಲಿಲ್ಲ.
ಅವಳು ಪ್ಲಸ್ ಟು. ನಾನು ಹತ್ತು, ಕನ್ನಡ ಮೀಡಿಯಂ.
ಬರೆದುಕೊಡುವವನು ಕೆಳಗಿನ ಕ್ಲಾಸಿನವನೇ ಆಗಬೇಕಂತೆ,
ಉತ್ತರ ಗೊತ್ತಿರದವನು.
ಆ ಅರ್ಹತೆ ನನಗೆ ಧಾರಾಳ ಇತ್ತು.

ಬದಿಯಡ್ಕದಲ್ಲಿ, ಲ್ಯಾಬಿನ ಹಿಂದಿನ ಕೋಣೆ, ಮಾರ್ಚಿನ ಸೆಕೆ.
ಮೊದಲ ದಿನ ಓದಿದೆ: ಮೂರನೇ ಎರಡು.
"ಟೂ ಬೈ ತ್ರೀ ಅನ್ನು ಮಾರಾಯ.
ಕನ್ನಡ ಕೆಳಗಿನಿಂದ ಹತ್ತುತ್ತದೆ,
ಇಂಗ್ಲಿಷು ಮೇಲಿನಿಂದ ಇಳಿಯುತ್ತದೆ,
ಮೆಟ್ಟಿಲ ನಡುವೆ ಢಿಕ್ಕಿ ಹೊಡೆಸಬೇಡ."

ಎಫ್ ಆಫ್ ಎಕ್ಸ್ ಎಂದಾಗ ತಲೆಯೆತ್ತಿ ಫ್ಯಾನು ನೋಡಿದೆ,
ಯಾವುದು ಆಫ್ ಆಯಿತೆಂದು.
ಅವಳ ಲೆಕ್ಕದ ಮಾಷ್ಟ್ರು ತೃಕ್ಕರಿಪುರದವರು,
ಲೋಗ್ ಎನ್ನುವವರು.
ನಾನು ಲಾಗ್ ಎಂದರೆ ಅವಳಿಗೆ ನಗು:
"ಪಾಪದ ಎಕ್ಸು, ನಿನ್ನ ಬಾಯಲ್ಲಿ ಲಾಗ ಹಾಕುತ್ತದೆ."

ನಾಲ್ಕನೇ ಕ್ಲಾಸಿನವರೆಗೆ ಅವಳಿಗೆ ಕಾಣುತ್ತಿತ್ತು.
ಅಂಕೆಗಳ ಮುಖ ಗೊತ್ತು. ಆಮೇಲೆ ಬಂದವರೆಲ್ಲ
ದನಿಯಲ್ಲೇ ಪರಿಚಯ. ನನಗೋ ಮುಖ ಗೊತ್ತು, ಹೆಸರಿಲ್ಲ.
ಗಾಳದ ಕೊಕ್ಕೆಯನ್ನು ಉದ್ದಕ್ಕೆ ಎಳೆದ ಹಾಗೆ ಒಂದು, ಎಂದೆ.
"ಇಂಟೆಗ್ರಲ್."
ಅಡ್ಡ ಮಲಗಿದ ಎಂಟು.
"ಇನ್ಫಿನಿಟಿ. ಮಲಗಿರಲಿ, ಮುಂದೆ ಓದು."

ರೂಟ್ ಎಕ್ಸ್ ಸ್ಕ್ವೇರ್ ಪ್ಲಸ್ ಒನ್.
"ರೂಟ್ ನೋಡಲು ಹೇಗಿದೆ?"
ಅವಳ ಬೆರಳು ಹಿಡಿದು ಬೆಂಚಿನ ಮೇಲೆ ಎಳೆದೆ:
ಚೂರು ಕೆಳಗೆ, ರಪ್ಪನೆ ಮೇಲೆ, ಆಮೇಲೆ ಉದ್ದಕ್ಕೆ...
"ಅಯ್ಯ, ಇದು ಮನೆಯ ಮಾಡಲ್ಲವಾ!
ಮಾಡು ಎಲ್ಲಿವರೆಗೆ?
ಒಂದು ಒಳಗಾ, ಮಳೆಗಾ?"

ಕಣ್ಣಿಗೆ ಮಾಡು ಕಾಣುತ್ತದೆ. ಬಾಯಿಗೆ ಗೋಡೆಯೂ ಇಲ್ಲ.
ಒಂದು ಒಳಗಿದ್ದರೆ ಒಂದು ಲೆಕ್ಕ.
ಹೊರಗಿದ್ದರೆ ಎಕ್ಸು ಚಪ್ಪಲಿ ಮೆಟ್ಟಿ ತಾನೂ ಹೊರಟುಬಂದು
ಅದರ ಪಕ್ಕ ನಿಲ್ಲುತ್ತದೆ. ಬೇರೆಯೇ ಲೆಕ್ಕ.

ಹಾಗೆ ನಮ್ಮದೊಂದು ವ್ಯಾಕರಣವಾಯಿತು.
ಆವರಣ ತೆರೆದಲ್ಲಿ ಉಸಿರು ಒಳಗೆ,
ಮುಚ್ಚುವವರೆಗೆ ಬಿಡುವ ಹಾಗಿಲ್ಲ.
ಹೋಲ್ ಸ್ಕ್ವೇರ್ ಇದ್ದರೆ, ಹೋಲ್ ಎಂಬಲ್ಲಿ
ಬೆಂಚಿಗೆ ಒಂದು ಕುಟ್ಟು.

ಪರೀಕ್ಷೆಯ ದಿನ ಕುಟ್ಟಿದೆ.
"ಆರಾ ಮುಟ್ಟುನ್ನದ್?" ಬಾಗಿಲ ಬಳಿಯಿಂದ ಟೀಚರು.
ಮಲಯಾಳದ ಮುಟ್ಟು ನಮ್ಮ ಕುಟ್ಟು
ಎಂದು ಆ ಗಳಿಗೆಯಲ್ಲಿ ಯಾರಿಗೆ ಹೊಳೆಯುತ್ತದೆ?
ಯಾರನ್ನೂ ಮುಟ್ಟದ ಎಡಗೈಯನ್ನು
ತೊಡೆಯಡಿ ಇಟ್ಟುಕೊಂಡು ಕೂತೆ, ಕಿವಿ ಬಿಸಿಯಾಗಿ.

ಇನ್ನು ಉಸಿರೊಂದೇ.
ರೂಟಿನ ಮಾಡನ್ನು ಅದರಲ್ಲೇ ದಾಟಿಸಿದೆ,
ಒಂದನ್ನು ಒಳಗೆ ಕೂರಿಸಿ ಬಿಟ್ಟೆ. ಅವಳು ತಲೆಯಾಡಿಸಿದಳು.
ಹದಿನಾಲ್ಕನೆಯದು ಇಂಟೆಗ್ರಲ್: ಒನ್ ಬೈ, ಉಸಿರೆಳೆದೆ, ಎಕ್ಸ್,
ಕೆಮ್ಮು ಬಂತು,
ಪ್ಲಸ್ ಒನ್.

ಕೆಮ್ಮಿದ್ದು ನಾನೋ, ಮುಚ್ಚಿದ್ದು ಆವರಣವೋ
ಅವಳಿಗೆ ಹೇಗೆ ಗೊತ್ತಾಗಬೇಕು?
"ಲೋಗ್ ಎಕ್ಸ್ ಪ್ಲಸ್ ಎಕ್ಸ್ ಪ್ಲಸ್ ಸಿ,
ಸಿ ಮರೆಯಬೇಡ," ಎಂದಳು.
ಮರೆಯಲಿಲ್ಲ. ದುಂಡಗೆ ಬರೆದೆ, ಅಡಿಗೆರೆ ಸಮೇತ.

ಅದು ತಪ್ಪೆಂದು ತಿಳಿದದ್ದು ಎರಡು ವರ್ಷ ಕಳೆದು,
ನಾನೇ ಪ್ಲಸ್ ಟುವಿನ ಬೆಂಚಿನಲ್ಲಿ ಕೂತು,
ಅದೇ ಲೆಕ್ಕ ಬೋರ್ಡಿಗೆ ಬಂದ ದಿನ.
ಎಕ್ಸೂ ಒಂದೂ ಒಂದೇ ಚಾವಡಿಯಲ್ಲಿದ್ದವು.
ಆಗ ಅವಳು ಮಂಗಳೂರಿನಲ್ಲಿ ಓದುತ್ತಿದ್ದಳು.
ಫೋನು ಹಿಡಿದೆ, ಇಟ್ಟೆ.
ಮೂರು ಮಾರ್ಕು, ಫ್ಲೇವಿಯಾ. ಇನ್ನೂ ನನ್ನ ಬಳಿ ಇದೆ.

ಈಗ ಕುಂಬಳೆಯಲ್ಲಿ, ಆಧಾರ ಬರೆಯುವವರ ಆಫೀಸು.
ಮಲಯಾಳದ ಪತ್ರ ಬಾರದವರಿಗೆ
ಕನ್ನಡದಲ್ಲಿ ಓದಿ ಹೇಳುವುದು ನನ್ನ ಪಾಲಿನ ಕೆಲಸ.
ಮೂಡಲಿಗೆ ಅಬೂಬಕ್ಕರ್ ವಶದ ಜಾಗ,
ಪಡುವಲಿಗೆ ತೋಡು, ತೋಡಿನಿಂದ ಈಚೆ
ಬಾವಿ ಸಹಿತ ಆರು ಸೆಂಟು:
ಬಾವಿ ಯಾರ ಒಳಗೆ ಎಂದು ಕೇಳಿಸಬೇಕಲ್ಲ,
ಉಸಿರು ಹಿಡಿದು ಓದುತ್ತೇನೆ, ಆರು ಸೆಂಟು ಮುಗಿದ ಮೇಲೆ ಬಿಡುತ್ತೇನೆ.

ಸಹಿ ಹಾಕಲು ಬಂದ ಅಜ್ಜಿಯಂದಿರು
ತಮ್ಮ ನೀರಿನ ಬಾಟಲಿ ನನ್ನತ್ತ ದೂಡುತ್ತಾರೆ:
"ಕುಡಿ ಮಗಾ. ನಮ್ಮವರಿಗೂ ಹೀಗೇ, ದಮ್ಮು."