ಕಿವಿರು

ಬೈತಕೋಲ ಶಾಲೆ, ಏಳನೇ ತರಗತಿ.
ಫೋನಿಗೆ ಬಂದದ್ದನ್ನು ನಾನೇ ಓದಿ ಹೇಳಿದೆ:
"ನಾಳೆ ಸಮುದ್ರ ಮೂರು ಮೈಲಿ ಒಳಗೆ ಬರುತ್ತದಂತೆ."
ಸುಲಕ್ಷಾ ತಾಂಡೇಲ ಎದ್ದು ನಿಂತಳು:
"ಅಕ್ಕೋರೆ, ಕಿವಿರು ಎತ್ತಿ ನೋಡಿದ್ರಾ?"

ಅವಳಜ್ಜಿ ಮೀನುಪೇಟೆಯಲ್ಲಿ
ಮೈಯ ಮಿರುಗು ನಂಬುವವಳಲ್ಲ;
ಮೂರು ದಿನದ್ದಕ್ಕೂ ಐಸು ಹೊಳಪು ಹಚ್ಚುತ್ತದೆ.
ಬೆರಳು ತೂರಿಸಿ, ಕೆಂಪು ನೋಡಿ, ಮೂಸಿ,
ಯಾವ ದೋಣಿ, ಎಷ್ಟೊತ್ತಿಗೆ ಬಂತು ಎಂದು ಕೇಳಿ
ಆಮೇಲೆ ಬುಟ್ಟಿಗೆ.

ಬೋರ್ಡಿನ ಮೇಲೆ ಬರೆದೆ: ಯಾವ ದೋಣಿ?
ಆ ಸುದ್ದಿಗೆ ದೋಣಿಯೇ ಇರಲಿಲ್ಲ.
ಬೆಳಿಗ್ಗೆಯೇ ನಲವತ್ತು ಮಂದಿಗೆ ಕಳಿಸಿಬಿಟ್ಟಿದ್ದೆ,
ಅದನ್ನು ಬರೆಯಲಿಲ್ಲ.

ಮರುದಿನ ಪಾಠ ಓದುತ್ತಿದ್ದೆ:
"ಸಮುದ್ರದ ಬಣ್ಣ ನೀಲಿ."
ಹಿಂದಿನ ಬೆಂಚು ಕಿಟಕಿಯಾಚೆ ನೋಡಿತು.
ಆಷಾಢದ ಕೆಸರುಗಂದು.
ಮೂವತ್ತು ಬೆರಳು
ನನ್ನ ಕಿವಿರಿನತ್ತ.