ಕೀಲಿ ಕೊಡುವ ಮುಂಚೆ

ಕೀಲಿ ಆಮೇಲೆ ಕೊಡುತ್ತೇನೆ, ಮೊದಲು ಕೂತುಕೊ.
ಬೂಟು ಒಲೆಯ ಹತ್ತಿರ ಇಡು,
ತೀರಾ ಹತ್ತಿರ ಬೇಡ, ಅಟ್ಟೆ ಬಿಟ್ಟುಕೊಳ್ಳುತ್ತದೆ.
ಚಿನೆನ್ ಅಂದೆಯಲ್ಲ ಹೆಸರು? ಓಕಿನಾವಾದವಳು.
ಹಿಮ ಕಂಡದ್ದು ಫ್ರಿಜ್ಜಿನ ಗೋಡೆಯಲ್ಲಿ ಮಾತ್ರ
ಎಂದು ನಕ್ಕೆ. ನಾನು ನಗಲಿಲ್ಲ, ಗಮನಿಸಿರಬೇಕು.

ನರಿಯಿಂದ ಶುರುಮಾಡೋಣ, ಅದೇ ಮೊದಲು ಬರುವುದು.
ಹೊಸ್ತಿಲಲ್ಲಿ ಕೂತು ನಿನ್ನನ್ನೇ ನೋಡುತ್ತದೆ
ನೆಂಟರ ಮನೆಯ ಮಗುವಿನ ಹಾಗೆ.
ಮೀನಿನ ಒಂದು ಚೂರೂ ಹಾಕಬೇಡ.
ಅದರ ಹೊಟ್ಟೆಯಲ್ಲೊಂದು ಹುಳ:
ಹಿಕ್ಕೆಯಿಂದ ಹಳ್ಳಕ್ಕೆ, ಹಳ್ಳದಿಂದ ಬೊಗಸೆಗೆ,
ಬೊಗಸೆಯಿಂದ ನಿನ್ನ ಲಿವರಿಗೆ.
ಹತ್ತು ವರ್ಷ ಸುಮ್ಮನಿದ್ದು
ಆಮೇಲೆ ಬಾಡಿಗೆ ಕೇಳುತ್ತದೆ.

ಒಂದು ಜಿಂಕೆ ದಾಟಿತೆಂದು ಬ್ರೇಕು ಬಿಡಬೇಡ.
ಒಂದು ಅಂದರೆ ಹಿಂದೆ ಇನ್ನೆರಡು;
ಮೂರನೆಯದಕ್ಕೆ ಯಾವಾಗಲೂ ಅವಸರ.

ಕರಡಿ ಮಲಗಿರುತ್ತದೆ ಅನ್ನುತ್ತಾರೆ.
ಮಲಗದ್ದೂ ಉಂಟು.
‘ಬಿಲವಿಲ್ಲದ್ದು’ ಎಂದು ಬೇಟೆಯ ಕುನಿಮಿತ್ಸು ಅದನ್ನು ಕರೆಯುವಾಗ
ದನಿಯಲ್ಲಿ ಒಂಚೂರು ಕನಿಕರ.
ನೀನು ಕನಿಕರವನ್ನು ದೂರದಿಂದ ತೋರಿಸು.

ಬಿಸಿಲು ಬಂತೆಂದು ಸೂರಿನಡಿ ನಿಂತು
ಅಮ್ಮನಿಗೆ ಫೋನು ಮಾಡಬೇಡ.
ತಗಡಿನ ಮೇಲಿಂದ ಚಳಿಗಾಲವಿಡೀ
ಒಂದೇ ಉಸಿರಿಗೆ ಇಳಿಯುತ್ತದೆ.
ಮೊದಲು ಸರ್ರೆಂಬ ಸದ್ದು.
ಸದ್ದು ಕೇಳಿಸಿತೆಂದರೆ ತಡವಾಯಿತು.
ಕಪ್ಪಗೆ, ಒದ್ದೆ ಕಾಣುವ ರಸ್ತೆ ಒದ್ದೆಯಲ್ಲ, ಗಾಜು.
ಪೆಂಗ್ವಿನ್ನಿನ ಹಾಗೆ ನಡೆ. ನಾಚಿಕೆ ಬಿಡು,
ಇಲ್ಲಿ ಮೇಯರೂ ಹಾಗೇ ನಡೆಯುವುದು.

ಹಸುಗಳ ಡಾಕ್ಟರು ನೀನು. ರಾತ್ರಿ ಮೂರಕ್ಕೆ
ಕರು ಅಡ್ಡ ಸಿಕ್ಕಿಕೊಂಡಿದೆ ಎಂದು ಫೋನು ಬರುತ್ತದೆ,
ಹೊರಡುತ್ತೀ, ಬೇಡ ಅಂದರೂ ಹೊರಡುತ್ತೀ.
ಕಂಬಗಳಿಂದ ತೂಗುವ ಕೆಂಪು ಬಿಳಿ ಬಾಣಗಳಿವೆ,
ರಸ್ತೆಯ ಅಂಚು ಇಲ್ಲೇ ಕೆಳಗೆ ಎಂದು ತೋರಿಸುತ್ತವೆ.
ನೆಲ ಹೋದಾಗ ತಲೆಯೆತ್ತಿ ದಾರಿ ಹುಡುಕಬೇಕು.
ಬಾಣವೂ ಕಾಣದಾದಾಗ
ನಿಲ್ಲಿಸು.
ಇಳಿದು ಮನೆ ಹುಡುಕಬೇಡ.
ಎಂಜಿನ್ ಆರಿಸು. ಚಳಿಯಾದರೂ ಆರಿಸು.
ಉರಿಸಲೇಬೇಕೆಂದರೆ ಸಲಿಕೆ ಹಿಡಿದು ಹಿಂದಕ್ಕೆ ಹೋಗು,
ಹೊಗೆಕೊಳವೆಯ ಬಾಯಿ ಬಿಡಿಸು,
ಮತ್ತೆ ಮತ್ತೆ ಹೋಗು, ಕಿವಿ ಬಿದ್ದುಹೋದರೂ.

ತೊಕುಜಿ ಬೆಚ್ಚಗೇ ಇದ್ದ.
ರೇಡಿಯೋ ಹಾಡುತ್ತಿತ್ತು.
ಕೆನ್ನೆ ಕೆಂಪು, ಈಗಷ್ಟೇ ಹುಲ್ಲು ಹೊತ್ತು ಬಂದವನ ಹಾಗೆ.
ಈ ಕಿಟಕಿಯಿಂದ ನೋಡು, ಆ ಎರಡನೆಯ ಬಾಣ.
ಅಷ್ಟೇ ದೂರ.

ಚಹಾ ಆರುತ್ತಿದೆ, ಕುಡಿ.

ಹಾಬು ಹಾವಿನ ಊರಿನವಳು, ನನಗೇನು ಭಯ ಅಂತೀಯ.
ಹಾವು ಕಚ್ಚುವ ಮುಂಚೆಯೂ ಹಾವೇ.
ಇಲ್ಲಿನದು ಹತ್ತಿಯ ಹಾಗಿರುತ್ತದೆ.

ಫೆಬ್ರವರಿಯ ಒಂದು ಬೆಳಗ್ಗೆ ಎಚ್ಚರವಾಗಿ
ಏನೋ ತಪ್ಪಿದೆ ಅನಿಸುತ್ತದೆ.
ಗಡಿಯಾರ ನಡೆಯುತ್ತಿರುತ್ತದೆ, ಕೊಟ್ಟಿಗೆ ಕೂಗುತ್ತಿರುತ್ತದೆ.
ನಿಂತಿರುವುದು ಕಡಲು.
ಉತ್ತರದಿಂದ ಮಂಜುಗಡ್ಡೆಯ ಹಾಸುಗಲ್ಲುಗಳು
ರಾತ್ರೋರಾತ್ರಿ ತೇಲಿ ಬಂದು ಅಲೆಯ ಬಾಯಿ ಮುಚ್ಚಿರುತ್ತವೆ.
ಹುಟ್ಟಿದಂದಿನಿಂದ ಅಲೆ ಕೇಳಿದ ಕಿವಿಗೆ ಅದು ಕಷ್ಟ.
ಅದರ ಮೇಲೆ ಕಾಲಿಡಬೇಡ;
ಹದ್ದನ್ನು ಹೊತ್ತದ್ದು ನಿನ್ನನ್ನು ಹೊರುವುದಿಲ್ಲ.
ಆದರೆ ನೋಡು.
ಇದೊಂದನ್ನು ಮಾತ್ರ ನಿಂತು ನೋಡು,
ಹಾಲು ಕರೆಯುವುದು ತಡವಾದರೂ ಪರವಾಗಿಲ್ಲ.

ತಗೋ. ಬೀಗ ಹೆಪ್ಪುಗಟ್ಟಿದರೆ ಬಾಯಿಂದ ಊದಬೇಡ,
ಕೀಲಿಯನ್ನು ಕಂಕುಳಲ್ಲಿಟ್ಟು ಬಿಸಿ ಮಾಡು.
ಮಲಗುವ ಮುಂಚೆ ನಲ್ಲಿಯ ನೀರಿಳಿಸು.
ಸಲಿಕೆ ಡಿಕ್ಕಿಯಲ್ಲಲ್ಲ, ಸೀಟಿನ ಪಕ್ಕದಲ್ಲಿ.
ಹಿಡಿಗೆ ಕೆಂಪು ಬಟ್ಟೆ ಸುತ್ತಿದ್ದೇನೆ.
ಬಿಚ್ಚಬೇಡ.