ನಲವತ್ತೊಂದನೇ ವಾಲ್ವು

ನೀರುಗಂಟಿ ಕೊಟ್ರಪ್ಪ ಮೊಬೈಲು ಹಿಡಿಯುವುದು
ಬಿಸಿ ಮಿರ್ಚಿ ಹಿಡಿದ ಹಾಗೆ, ಬೆರಳ ತುದಿಯಲ್ಲಿ.
"ಎಲ್ಲಾ ಹಾಕೀನಿ ಮೇಡಂ, ನೋಡ್ರಿ."
ನಿಟುವಳ್ಳಿಯಿಂದ ಹೊಂಡದ ಸರ್ಕಲ್ಲಿನ ತನಕ
ನಕ್ಷೆಯಲ್ಲಿ ನಲವತ್ತು ನೀಲಿ ಚುಕ್ಕಿ.
ಇಪ್ಪತ್ತಾರು ವರ್ಷ ಅವು
ಅವನ ಅಂಗೈಯಲ್ಲಷ್ಟೇ ಇದ್ದವು;
ಅವನಿಗೆ ಜ್ವರ ಬಂದರೆ
ನಾಲ್ಕು ಬೀದಿಗೆ ನೀರಿಲ್ಲ.

ಈಗ ಹೊಸ ಹುಡುಗರೂ ತಿರುಗಿಸುತ್ತಾರೆ.
ಕೇಳಲು ಯಾರೂ ಬರುವುದಿಲ್ಲ.
ಚಾ ಒಬ್ಬನೇ ಕುಡಿಯುತ್ತಾನೆ.

ನಿನ್ನೆ ರಾತ್ರಿ ಎರಡಕ್ಕೆ ಗ್ರೂಪಿನಲ್ಲಿ
ಅವನ ದನಿ, ಹನ್ನೊಂದು ಸೆಕೆಂಡು:
"ಇನ್ನೊಂದೈತಿ. ಹುಣಸಿ ಬುಡ, ಕಲ್ಲು ಸರಿಸ್ರಿ.
ಏಳು ಸುತ್ತು. ಎಂಟನೇದಕ್ಕ
ಕಿವಿ ಕೊಡ್ರಿ, ಅದೇ ಹೇಳ್ತೈತಿ."

ನನ್ನ ಶೀಟಿನಲ್ಲಿ ಕಿವಿಗೆ ಕಾಲಂ ಇಲ್ಲ.

ಬೆಳಗಿನ ಜಾವ ಹೋಗಿ
ಕಬ್ಬಿಣಕ್ಕೆ ಕಿವಿ ಹಚ್ಚಿ ಕೂತೆ.
ಏನೋ ಅಂದಿತು.
ಇನ್ನೊಮ್ಮೆ ಅಂದರೆ
ಬರೆದುಕೊಳ್ಳುತ್ತೇನೆ.